ಚಿಕ್ಕಪ್ಪನ ಸುಣ್ಣ ಬಸ್ಸು ಹತ್ತಿದ್ದು

ನಮ್ಮ ಚಿಕ್ಕಪ್ಪನ ಕೈಗೆ ಸಿಕ್ಕಿಯೂ ಸುಡದೆ ಉಳಿದವರು ಇಡೀ ಅರಕಲಗೂಡಿನಲ್ಲಿ ಇಬ್ಬರೇ: ಒಬ್ಬರು ನಮ್ಮಮ್ಮ, ಇನ್ನೊಬ್ಬಳು ನಾನು! ಮಿಕ್ಕಂತೆ ಮೊಟ್ಟೆ ಸಿಪ್ಪೆ, ಬಸವನಹುಳದ ಚಿಪ್ಪು, ಹೊಳೆಯ ಕಪ್ಪೆಚಿಪ್ಪು ಎಲ್ಲವೂ ಅವರ ಕುಲುಮೆ ಸೇರಲೇಬೇಕು. ಎಗ್‌ರೈಸ್ ಗಾಡಿಯವನ ಹತ್ತಿರ ಚೀಲ ಹಿಡಿದು ನಿಂತ ಅವರನ್ನು ಕಂಡರೆ ನಾನು ರಸ್ತೆಯನ್ನೇ ಬದಲಿಸುತ್ತಿದ್ದೆ. ನಾಚಿಕೆ ಆಗದೆ ಇರುತ್ತದೆಯೇ?

"ಇದು ಬೇಯ್ಸೋದಲ್ಲ ಕಣವ್ವ, ಕರಗ್ಸೋದೂ ಅಲ್ಲ," ಎಂದು ಮಸಿ ಮೂತಿಯಲ್ಲೇ ಪಾಠ ಬೇರೆ. "ಕೆಂಡದಲ್ಲಿ ಕೆಂಪಗೆ ಕಾಯ್ಸಬೇಕು. ಒಳಗಿರೋ ಗಾಳಿ ಎದ್ದೋಯ್ತದೆ, ಚಿಪ್ಪು ಸುಣ್ಣ ಆಯ್ತದೆ. ಗ್ವಾಡೆಗೂ ಆಯ್ತು, ಎಲೆ ಅಡಿಕೆಗೂ ಆಯ್ತು. ಸಿಮೆಂಟ್ ಫ್ಯಾಕ್ಟ್ರಿಯೋರು ಇನ್ನೇನ್ ಮಾಡ್ತಾರೆ? ಇದೇಯ!"

ಒಮ್ಮೆ ಪಟಿಕ ಕಾಯಿಸಿ ಹಲ್ಲುಪುಡಿ ಮಾಡಿದರು. ಅದರಲ್ಲಿ ಹಲ್ಲುಜ್ಜಿ ನಾನು ಹಾಸನಕ್ಕೆ ಇಂಟರ್‌ವ್ಯೂಗೆ ಹೋದೆ. ಬಾಯೆಲ್ಲ ಒಗರಾಗಿ, ತುಟಿ ಗಂಟುಕಟ್ಟಿ, ನನ್ನ ಹೆಸರು ಹೇಳುವುದೇ ಕಷ್ಟವಾಯಿತು. ಕೆಲಸ ಹೇಗೆ ಸಿಕ್ಕಿತೋ ದೇವರೇ ಬಲ್ಲ! ಆಮೇಲೆ ಅಮ್ಮನ ರೇಷ್ಮೆ ಸೀರೆಗೆ ಕಿಡಿ ಹಾರಿತು ನೋಡಿ, ಕುಲುಮೆಗೆ ಮನೆಯಿಂದ ಗಡೀಪಾರು. ಅದು ಗೊರೂರಿನ ಸ್ನೇಹಿತರ ಹಿತ್ತಲು ಸೇರಿತು.

ಹೋದ ತಿಂಗಳು ನನಗೊಂದು ಸಂಬಂಧ ಬಂತು. ಹುಡುಗ ನನಗೂ ಹಿಡಿಸಿದ್ದ. ಅವನ ತಾಯಿ ನಮ್ಮ ಮನೆ ನೋಡಲೆಂದು ಹಾಸನದಿಂದ ನನ್ನ ಜೊತೆಗೇ ಅರಕಲಗೂಡಿನ ಬಸ್ಸು ಹತ್ತಿದರು. ಅಮ್ಮ ಮುಂಚೆಯೇ ಚಿಕ್ಕಪ್ಪನಿಗೆ, "ಇವತ್ತೊಂದಿನ ಗೊರೂರಲ್ಲೇ ಇದ್ಬುಡಪ್ಪ," ಎಂದು ಕೈಮುಗಿದಿದ್ದರು. ಹಾಗೆ ಹೇಳಿಸಿದವಳು ನಾನೇ.

ಗೊರೂರಲ್ಲಿ ಬಸ್ಸು ನಿಂತಿತು. ಹತ್ತಿದವರು ಯಾರು? ಮೈಯೆಲ್ಲ ಬೂದಿ, ಕೈಯಲ್ಲಿ ಗೋಣಿಚೀಲ, ಸಾಕ್ಷಾತ್ ಚಿಕ್ಕಪ್ಪ! ನನ್ನ ಕಂಡು ಅವರ ಮುಖ ಅರಳಿತು. ನಾನು ಕಿಟಕಿಯ ಕಡೆ ತಿರುಗಿಬಿಟ್ಟೆ.

ಚೀಲ ಕೆಳಗಿಟ್ಟರು. ಅವರ ಹಿಂದೆಯೇ ಹತ್ತಿದ ಮೀನಿನ ಹೆಂಗಸು ಸೋರುವ ಬುಟ್ಟಿಯನ್ನು ಅದರ ಮೇಲೇ ಇಟ್ಟಳು. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಸುಮ್ಮನಿರುತ್ತದೆಯೇ? ಬಸ್ಸು ಎರಡು ತಿರುವು ದಾಟುವಷ್ಟರಲ್ಲಿ ಬುಸ್ಸೆಂದಿತು, ಕೊತಕೊತ ಕುದಿಯಿತು, ಹೊಗೆ ಎದ್ದಿತು!

"ಬಾಂಬು!" ಎಂದನೊಬ್ಬ.

"ಅಯ್ಯಯ್ಯೋ, ನನ್ ಮೀನು ಬೇಯ್ತಾ ಅದೆ!" ಎಂದಳು ಆಕೆ.

ಬಸ್ಸು ಗಕ್ಕನೆ ನಿಂತಿತು. "ಯಾವನ್ದಯ್ಯಾ ಚೀಲ?" ಕಂಡಕ್ಟರ್ ಅಬ್ಬರಿಸಿದ.

"ನನ್ದೇ ಸಾ. ಬರೀ ಸುಣ್ಣ."

"ಜೊತೇಲಿ ಯಾರವ್ರೆ? ನಿನ್ ಕಡೆಯೋರೆಲ್ಲಾ ಇಳೀರಿ ಮೊದ್ಲು!"

ಚಿಕ್ಕಪ್ಪ ನನ್ನ ಕಡೆ ನೋಡಿದರು. ಪಕ್ಕದಲ್ಲಿ ಮೂಗು ಮುಚ್ಚಿ ಕೂತಿದ್ದ ಹುಡುಗನ ತಾಯಿಯನ್ನೂ ನೋಡಿದರು.

"ಯಾರೂ ಇಲ್ಲ ಸಾ. ಒಬ್ನೇ," ಎಂದು ಚೀಲ ಎಳೆದುಕೊಂಡು ಇಳಿದರು.

ಬಸ್ಸು ಹೊರಟಿತು. "ಯಾರಮ್ಮ ಅದು, ಹುಚ್ಚನ ಥರ?" ಎಂದರು ಆ ತಾಯಿ. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಈ ಸಲದ ನಾಚಿಕೆ ಚಿಕ್ಕಪ್ಪನಿಂದಲ್ಲ, ನನ್ನಿಂದಲೇ.

"ಹೋಲ್ಡಾನ್!" ಎಂದು ಕಿರುಚಿ, ಇಳಿದು ಹಿಂದಕ್ಕೆ ಓಡಿದೆ.

"ಯಾಕವ್ವ ಇಳ್ದೆ? ಓಗು, ಓಗು, ಅವ್ರು ನೋಡ್ತಾವ್ರೆ," ಎಂದು ಚಿಕ್ಕಪ್ಪ ಗದರಿದರು. ಜೇಬಿನಿಂದ ಒಂದು ಸಣ್ಣ ಪೊಟ್ಟಣ ತೆಗೆದು ನನ್ನ ಕೈಗೆ ತುರುಕಿದರು. "ಇದು ನೆಂದಿಲ್ಲ. ಅಂಗಡಿ ಸುಣ್ಣ ನಾಲ್ಗೆ ಸುಡ್ತದೆ. ನೀರಲ್ಲಿ ಅರಳ್ಸಿ, ಆರಿದ್ಮೇಲೆ ಬೀಗಿತ್ತಿಯೋರ್ ಎಲೆಗೆ ಕೊಡು. ಬೆಣ್ಣೆ ಇದ್ದಂಗೆ ಇರ್ತದೆ. ಯಾರ್ ಮಾಡಿದ್ದು ಅಂತ ಮಾತ್ರ ಏಳ್ಬ್ಯಾಡ."

ಇದಕ್ಕಾಗಿಯೇ ಬೆಳಗಿನಿಂದ ಬೆಂಕಿಯ ಮುಂದೆ ಕೂತಿದ್ದರಂತೆ; ಅಮ್ಮನ ಕೈಗೆ ಕೊಟ್ಟು ಹಾಗೇ ಗೊರೂರಿಗೆ ವಾಪಸಾಗುವವರಿದ್ದರಂತೆ. ನಾನು ಅವರ ಬೂದಿಗೈ ಗಟ್ಟಿಯಾಗಿ ಹಿಡಿದುಕೊಂಡೆ. ನಿಂತಿದ್ದ ಬಸ್ಸಿನ ಕಿಟಕಿಯಲ್ಲಿ ಹುಡುಗನ ತಾಯಿ ತಲೆ ಹೊರಹಾಕಿ ನೋಡುತ್ತಿದ್ದರು.

"ಅಮ್ಮಾ," ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿದೆ, "ಇವ್ರು ನಮ್ಮ ಚಿಕ್ಕಪ್ಪ!"