ರಾಜೇಂದ್ರ ನೋಡಿದ ಮಿರ್ಜಾನ್ ಕೋಟೆ

ಎದುರುಮನೆಯ ಬೈರಪ್ಪ ಕುಮಟಾಕ್ಕೆ ಹೋಗಿ ಸಮುದ್ರದಲ್ಲಿ ಮುಳುಗೆದ್ದು ಬಂದಿದ್ದರೆ ರಾಜೇಂದ್ರನಿಗೆ ಏನೂ ಅನಿಸುತ್ತಿರಲಿಲ್ಲ. ಆ ಮಹಾರಾಯ ಇತಿಹಾಸ ಕಲಿತು ಬಂದಿದ್ದ.

ಬೆಳಗ್ಗೆ ಕರೆಂಟು ಹೋಗಿ, ದೊಡ್ಡಬಳ್ಳಾಪುರದ ಆ ನೇಕಾರರ ಬೀದಿಯ ಮಗ್ಗಗಳೆಲ್ಲ ನಿಂತದ್ದೇ ತಡ, ಜನ ಬೈರಪ್ಪನ ಜಗುಲಿಯಲ್ಲಿ ಸೇರಿದರು. ಮಿರ್ಜಾನ್ ಕೋಟೆ, ಅದನ್ನಾಳಿದ ಗೇರುಸೊಪ್ಪೆಯ ರಾಣಿ, ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದ ಪೋರ್ಚುಗೀಸರು, ಹೀಗೆ ಬೈರಪ್ಪ ಒಂದೊಂದಾಗಿ ಬಿಚ್ಚುತ್ತಿದ್ದ. ರಾಜೇಂದ್ರನ ಮಾತನ್ನು ಯಾರೂ ಯಾವತ್ತೂ ಹೀಗೆ ಬಾಯಿ ತೆರೆದು ಕೇಳಿದ್ದಿಲ್ಲ. ಅವನ ಸ್ವಂತ ಹೆಂಡತಿ ಬನಶಂಕರಿಯೇ ಒಲೆಯ ಮೇಲಿನ ಹಾಲು ಮರೆತು ಮುಂದಿನ ಸಾಲಿನಲ್ಲಿ ಕೂತಿದ್ದಳು.

"ಎಷ್ಟ್ ಚೆನ್ನಾಗ್ ಹೇಳ್ತಾರೆ ಬೈರಪ್ಪಣ್ಣ! ನಮ್ಮನೆಯವ್ರಿಗೆ ಸಮುದ್ರ ಯಾವ್ ದಿಕ್ಕಿಗೈತೆ ಅಂತಾನೂ ಗೊತ್ತಿಲ್ಲ."

ರಾಜೇಂದ್ರನಿಗೆ ಹೊಟ್ಟೆ ಉರಿದುಹೋಯಿತು. "ಅದೇನ್ ಮಹಾ? ಆ ಕೋಟೇನ ನಾನು ಮದ್ವೆಗೆ ಮುಂಚೇನೇ ನೋಡ್ಬಿಟ್ಟಿದೀನಿ."

ನಿಜ ಹೇಳಬೇಕೆಂದರೆ, ಆ ಕಡೆಗೆ ಅವನು ಹತ್ತಿರದ ಶಿವಗಂಗೆ ಬೆಟ್ಟವನ್ನೂ ದಾಟಿದವನಲ್ಲ.

ಬನಶಂಕರಿಯ ಹುಬ್ಬು ಮೇಲೇರಿತು. "ನನ್ಹತ್ರ ಹೇಳೇ ಇಲ್ವಲ್ಲ! ಯಾರ್ ಜೊತೆ ಹೋಗಿದ್ರಿ?"

"ಒಬ್ನೇ."

"ಒಬ್ರೇ ಯಾಕ್ ಹೋಗಿದ್ರಿ?"

ಪಕ್ಕದ ಮನೆಯ ಅಂಜಿನಮ್ಮ ನಡುವೆ ಬಾಯಿ ಹಾಕಿದಳು. "ಸಂಜೆ ಇಲ್ಲೇ ಕೂತು ಅವನೂ ಹೇಳ್ಲಿ ಬಿಡಮ್ಮ. ಯಾರ್ ಸರಿಯಾಗ್ ನೋಡವ್ರೆ ಅಂತ ನಾವೂ ನೋಡಾನ."

ಕರೆಂಟು ಬಂತು. ರಾಜೇಂದ್ರ ಮಗ್ಗ ಓಡಲು ಬಿಟ್ಟು, ಮೊಬೈಲಿನಲ್ಲಿ ಕೋಟೆಯ ವಿಡಿಯೋಗಳಿಗೆ ಅಂಟಿಕೊಂಡ. ಕಂದಕ, ಬುರುಜು, ಸುರಂಗ, ಅಘನಾಶಿನಿ ನದಿಯಲ್ಲಿ ಮೆಣಸು ಹೊತ್ತು ಸಾಗಿದ ದೋಣಿಗಳು, ನೆಲ ಅಗೆದಾಗ ಸಿಕ್ಕ ಚೀನಾ ಪಿಂಗಾಣಿ. ವಿಡಿಯೋದಲ್ಲಿ ರಾಣಿ ಶತ್ರುಗಳ ಮೇಲೆ ಏರಿ ಹೋಗುವ ಹೊತ್ತಿಗೆ ಇಲ್ಲಿ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಕಡಿದುಬಿದ್ದಿದ್ದವು. ನೇಯುತ್ತಿದ್ದ ಸೀರೆಯ ಸೆರಗಿನ ನವಿಲಿಗೆ ಕತ್ತೇ ಇರಲಿಲ್ಲ.

"ಏನ್ರೀ ಇದು?" ಎಂದಳು ಬನಶಂಕರಿ.

"ಹೊಸಾ ಡಿಸೈನು," ಎಂದ ರಾಜೇಂದ್ರ, ಕಣ್ಣೆತ್ತದೆ.

ಸಂಜೆ ಅವನು ಜಗುಲಿ ಹತ್ತಿ ಶುರು ಮಾಡಿದ. ಕೋಟೆಯ ಕಲ್ಲನ್ನು ಗಾಳಿಯಲ್ಲೇ ಸವರಿದ. ಸುರಂಗದಲ್ಲಿ ಬಗ್ಗಿ ನಡೆದು ತೋರಿಸಿದ. ಜನ ಬೈರಪ್ಪನನ್ನು ಬಿಟ್ಟು ಇವನ ಕಡೆ ಸರಿದರು. ಬನಶಂಕರಿ ಪಕ್ಕದವರನ್ನು ತಿವಿದು "ನಮ್ಮನೆಯವ್ರು" ಎಂದಳು.

"ಪಿಂಗಾಣಿ ವಿಷ್ಯ ನಂಗೆ ಗೊತ್ತೇ ಇರ್ಲಿಲ್ಲ ಗುರು," ಎಂದು ಬೈರಪ್ಪನೂ ಸಪ್ಪಗಾದ. ರಾಜೇಂದ್ರನ ಹೊಟ್ಟೆ ತಣ್ಣಗಾಯಿತು.

"ಇಷ್ಟೆಲ್ಲ ಕೇಳಿ ಸುಮ್ನೆ ಕೂರಕ್ಕಾಯ್ತದಾ?" ಅಂಜಿನಮ್ಮ ಎದ್ದು ನಿಂತಳು. "ಭಾನುವಾರ ಒಂದ್ ಟೆಂಪೋ ಮಾಡ್ಕಂಡು ಎಲ್ರೂ ಹೋಗ್ಬುಡಾನ!"

ಬೀದಿಗೆ ಬೀದಿಯೇ ಹೋ ಎಂದಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ರಾಜೇಂದ್ರ. ಅಂತೂ ಕೋಟೆಯನ್ನು ಕಣ್ಣಾರೆ ನೋಡುವ ಯೋಗ ಬಂದಿತ್ತು.

"ಮದ್ವೆ ಸೀರೆ ಆರ್ಡರ್ ಐತೆ, ಮಗ್ಗ ನಿಲ್ಸಂಗಿಲ್ವಲ್ಲಾ?" ಯಾರೋ ನೆನಪಿಸಿದರು.

ಅಂಜಿನಮ್ಮ ಯೋಚಿಸಲೂ ಇಲ್ಲ. "ರಾಜೇಂದ್ರ ಹೆಂಗೂ ನೋಡವ್ನೆ. ಎಲ್ರ ಮಗ್ಗಾನೂ ಅವ್ನೇ ನೋಡ್ಕತಾನೆ."

"ಬೈರಪ್ಪಾನೂ ನೋಡಿದಾನಲ್ಲ!" ರಾಜೇಂದ್ರ ಚೀರಿದ.

ಬೈರಪ್ಪ ಬಂದು ಅವನ ಕೈ ಹಿಡಿದುಕೊಂಡ. "ನಾನೆಲ್ ನೋಡ್ದೆ ಗುರು? ನಿನ್ ಮಾತು ಕೇಳಿದ್ಮೇಲೇ ಗೊತ್ತಾಗಿದ್ದು, ನಾನು ಏನೂ ನೋಡೇ ಇಲ್ಲ ಅಂತ. ಇನ್ನೊಂದ್ಸಲ ಹೋಗ್ಲೇಬೇಕು."

"ಹೌದು ಪಾಪ," ಎಂದಳು ಬನಶಂಕರಿ. "ಮುಂದಿನ ಕಿಟಕಿ ಸೀಟು ಬೈರಪ್ಪಣ್ಣಂಗೇ ಇರ್ಲಿ."