ಮಾಸ್ತರ ಫೋಟೋಗೆ ನಾನು ಹಾಕಿದ ಹಾರ

ಒಂದು ಮಾತು ಹೇಳುತ್ತೇನೆ, ಬರೆದಿಟ್ಟುಕೊಳ್ಳಿ: ಗೆಲ್ಲುವುದು ವಾದದಿಂದಲ್ಲ, ತಯಾರಿಯಿಂದ. ಇಂಗ್ಲೆಂಡಿನ ಹೇಸ್‌ನ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು, ಆಮೇಲೆ ವೆಂಬ್ಲಿಯಲ್ಲಿ ಸ್ವಂತ ಪಾತ್ರೆ ಅಂಗಡಿ ಇಟ್ಟವನ ಮಾತಿದು. ಇದನ್ನು ನಂಬಿ ನಾನೇನಾದೆ ಎಂಬುದನ್ನೂ ಕೇಳಿ.

ಕ್ರಿಕೆಟ್ ವಿಶ್ವಕಪ್ ಇಂಗ್ಲೆಂಡಿಗೆ ಬಂದಿದ್ದ ಬೇಸಿಗೆ. ನಮ್ಮ ಕನ್ನಡ ಬಳಗ ಭಾನುವಾರ ಸೇರುತ್ತಿದ್ದ ಹಾಲ್‌ನಲ್ಲಿ, ರೇಡಿಯೋದಲ್ಲಿ ಕನ್ನಡ ಕಾಮೆಂಟರಿ ಹೇಳಿದ ಒಬ್ಬ ಮಹನೀಯರ ಫೋಟೋ ಹಾಕಬೇಕೆಂದು ತೀರ್ಮಾನವಾಯಿತು. ಒಬ್ಬರದು ಮಾತ್ರ! ಉಳಿದ ಗೋಡೆಯನ್ನೆಲ್ಲ ಬೆಂಕಿ ಬಿದ್ದರೆ ಯಾವ ಬಾಗಿಲಿಂದ ಓಡಬೇಕೆಂಬ ಫಲಕಗಳು ಆಕ್ರಮಿಸಿದ್ದವು.

ನಮ್ಮ ಕಡೆಯವರ ಅಭ್ಯರ್ಥಿ ಧಾರವಾಡದ ನಿಂಗಪ್ಪ ಮಾಸ್ತರು. ಬೆಂಗಳೂರಿನ ಮೂರ್ತಿಯ ಪಕ್ಷದ್ದು ದಿವಂಗತ ಶ್ಯಾಮರಾಯರು.

"ಶ್ಯಾಮರಾಯರ ಕನ್ನಡ ಕೇಳಿದ್ರೆ ಕಿವಿ ತಂಪಾಗುತ್ತೆ ಸಾರ್" ಎಂದ ಮೂರ್ತಿ.

"ತಂಪಾಗಿ ನಿದ್ದಿನೂ ಬರ್ತದ! ನಮ್ಮ ಮಾಸ್ತರು ಸಿಕ್ಸರ್ ಅಂದ್ರ ಹೊಲದಾಗಿನ ಎತ್ತು ನಿಲ್ಲತಿದ್ವು!" ಎಂದೆ ನಾನು.

"ಸ್ಕೋರ್ ಹೇಳೋದೇ ಮರೀತಿದ್ರಲ್ಲ?"

"ಸ್ಕೋರ್ ಮರುದಿನ ಪೇಪರಿನ್ಯಾಗ ಬರ್ತಿತ್ತಲ್ಲ!"

ಮೂರು ಭಾನುವಾರ ಹೀಗೇ ಕಳೆಯಿತು. ಮತ ಸಮಸಮ. ನಾಲ್ಕನೆಯ ಭಾನುವಾರಕ್ಕೆ ನಾನು ತಯಾರಿಗಿಳಿದೆ.

ಮಾಸ್ತರು ಕ್ರೋಯ್ಡನ್‌ನಲ್ಲಿರುವ ಮಗಳ ಮನೆಗೆ ಬಂದಿರುವ ಸುದ್ದಿ ನನಗೊಬ್ಬನಿಗೇ ಗೊತ್ತಿತ್ತು. ಫೋನ್ ಮಾಡಿ, ನಾಲ್ಕು ಗಂಟೆಗೆ ಬನ್ನಿ ಎಂದು ಆಮಂತ್ರಿಸಿದೆ. ಮತದಾನದ ಹೊತ್ತಿಗೆ ಸಾಕ್ಷಾತ್ ಮಾಸ್ತರೇ ಪ್ರತ್ಯಕ್ಷ! ಅದಕ್ಕೂ ಮೊದಲು ಅವರ ಫೋಟೋ ಅನಾವರಣ. ಗಾಂಭೀರ್ಯ ಇರಲೆಂದು ಕಪ್ಪು ಬಿಳುಪಿನದ್ದನ್ನೇ ದೊಡ್ಡದು ಮಾಡಿಸಿದೆ. ಈಲಿಂಗ್ ರೋಡಿನ ಪೂಜಾಸಾಮಗ್ರಿ ಅಂಗಡಿಯಲ್ಲಿ ಹೂವಿನ ಹಾರ ಕೇಳಿದರೆ ಬೆಲೆ ಆಕಾಶದಲ್ಲಿತ್ತು. ಗಂಧದ ಹಾರ ಅಗ್ಗ, ಬಾಡುವುದೂ ಇಲ್ಲ. ಚೌಕಾಸಿ ಮಾಡಿ ಊದುಬತ್ತಿಯ ಕಟ್ಟೊಂದನ್ನು ಪುಕ್ಕಟೆ ಪಡೆದೆ. ಪುಕ್ಕಟೆ ಬಂದದ್ದನ್ನು ಹಚ್ಚದೆ ಬಿಡುವುದುಂಟೆ?

"ಆ ಚೀಲದಾಗ ಏನೈತ್ರಿ?" ಎಂದಳು ಹೆಂಡತಿ ಸಾವಿತ್ರಿ.

"ನೀ ಸುಮ್ನಿರು, ಅಲ್ಲೇ ನೋಡೀಯಂತ."

ಭಾನುವಾರ ಸಾವಿತ್ರಿ ಹಾಲ್‌ನ ಅಡುಗೆಕೋಣೆಯಲ್ಲಿ ಅವಲಕ್ಕಿ ಕಲಸುತ್ತಿದ್ದಾಗ ನಾನು ಮೇಜಿನ ಮೇಲೆ ಫೋಟೋ ನಿಲ್ಲಿಸಿ, ಹಾರ ಹಾಕಿ, ಮುಸುಕು ಹೊದಿಸಿದೆ. ಎಲ್ಲರೂ ಸೇರಿದ ಮೇಲೆ ಊದುಬತ್ತಿ ಹಚ್ಚಿ, ಮುಸುಕು ಸರಿಸಿದೆ.

ಮೂರ್ತಿ ಮೆಲ್ಲನೆ ಎದ್ದು ನಿಂತ. ಅವನ ಹಿಂದೆ ಎಲ್ಲರೂ ಎದ್ದರು. "ಛೇ, ನಮಗೆ ಗೊತ್ತೇ ಇರ್ಲಿಲ್ಲ ಸಾರ್. ಶ್ಯಾಮರಾಯರ ಹೆಸರು ವಾಪಸ್ ತಗೋತೀವಿ" ಎಂದು ಕಣ್ಣೊರೆಸಿಕೊಂಡು ತಲೆ ತಗ್ಗಿಸಿದ. ಅಬ್ಬಾ, ತಯಾರಿಯ ಮಹಿಮೆಯೇ ಎಂದು ನಾನೂ ತಲೆ ತಗ್ಗಿಸಿದೆ. ಸರ್ವಾನುಮತದ ಗೆಲುವು!

ಅಷ್ಟರಲ್ಲಿ ಮಾಸ್ತರು ಬಂದರು. ಎಲ್ಲರೂ ಮೌನವಾಗಿ ನಿಂತದ್ದು ಕಂಡು ಟೋಪಿ ತೆಗೆದು, ಮೂರ್ತಿಯ ಪಕ್ಕ ನಿಂತು ಪಿಸುಗುಟ್ಟಿದರು: "ಯಾರು ತೀರ್ಕೊಂಡ್ರಪ್ಪ?"

"ನಿಂಗಪ್ಪ ಮಾಸ್ತರು ಸಾರ್" ಎಂದ ಮೂರ್ತಿ, ತಲೆಯೆತ್ತದೆ. "ಈಗಷ್ಟೇ ಗೊತ್ತಾಯ್ತು."

ಮಾಸ್ತರು ಕನ್ನಡಕ ಏರಿಸಿ ಫೋಟೋ ನೋಡಿದರು. "ನನಗೂ!" ಎಂದರು.

ಮೂರ್ತಿ ತಿರುಗಿ ನೋಡಿ ಕುರ್ಚಿಯ ಮೇಲೆ ಕುಸಿದ. ಅಡುಗೆಕೋಣೆಯಿಂದ ಆಗಷ್ಟೇ ಹೊರಬಂದ ಸಾವಿತ್ರಿಯ ಕೈಯಿಂದ ಅವಲಕ್ಕಿಯ ಬೋಗುಣಿ ಜಾರಿತು. "ಏನ್ ಮಾಡೀರಿ ಇದು! ಜೀವಂತ ಇದ್ದವರ ಫೋಟೋಕ್ಕ ಗಂಧದ ಹಾರ! ಮ್ಯಾಲ ಊದಿನಕಡ್ಡಿ ಬ್ಯಾರೆ!"

ಆ ಹಾರವನ್ನು ಕೊರಳಿಗೆ ಹಾಕಿದರೆ ಸನ್ಮಾನ, ಫೋಟೋಗೆ ಹಾಕಿದರೆ ಶ್ರದ್ಧಾಂಜಲಿ. ಇಷ್ಟು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಚೌಕಾಸಿಯ ಹೊತ್ತಿನಲ್ಲಿ ನನಗೆ ಬೇರೇನೂ ನೆನಪಿರುವುದಿಲ್ಲ! ಕೈಮುಗಿದು ಮಾಸ್ತರ ಮುಂದೆ ನಿಂತೆ. ಅವರು ನನ್ನ ಬೆನ್ನು ತಟ್ಟಿ, ಊದುಬತ್ತಿಯನ್ನು ತಾವೇ ಆರಿಸಿದರು.

"ಇರ್ಲಿ ಬಿಡು ತಮ್ಮಾ. ಆದ್ರ ಆ ಗ್ವಾಡಿ ಮ್ಯಾಲ ನಾ ಒಲ್ಲೆ. ಶ್ಯಾಮರಾಯರ್ದು ಹಾಕ್ರಿ. ನಾ ಇನ್ನೂ ಔಟ್ ಆಗಿಲ್ಲ!"

ಬೇಡಿದೆ, ಗೋಗರೆದೆ, ಅಂಗಡಿಯಲ್ಲೂ ಮಾಡದಷ್ಟು ಚೌಕಾಸಿ ಮಾಡಿದೆ. ಮಾಸ್ತರು ಜಗ್ಗಲಿಲ್ಲ. ಮೂರ್ತಿ ಚೀಲದಿಂದ ಶ್ಯಾಮರಾಯರ ಫೋಟೋ ತೆಗೆದ. "ಮೊಳೀ ನೀವೇ ಹೊಡೀರಿ, ಮಾಡಿದ್ದು ಸಾಕು" ಎಂದು ಸಾವಿತ್ರಿ ಸುತ್ತಿಗೆ ಕೈಗಿತ್ತಳು.

ಕುರ್ಚಿ ಹತ್ತಿ ಒಂದೇಟು ಹಾಕಿದೆನೋ ಇಲ್ಲವೋ, ಕೆಳಗಿನಿಂದ ಮಾಸ್ತರ ಕಂಚಿನ ಕಂಠ ಮೊಳಗಿತು!

"ಸುತ್ತಿಗೆ ಎತ್ತಿದರು... ಬೀಸಿದರು... ಅರೆರೆ! ಮೊಳೆ ಅಲ್ಲೇ ಇದೆ, ಹೆಬ್ಬೆರಳಿಗೆ ನೇರ ಹೊಡೆತ! ಪ್ರೇಕ್ಷಕರೆಲ್ಲ ಎದ್ದು ನಿಂತಿದ್ದಾರೆ!"

ಹಾಲ್ ಬಿದ್ದು ಬಿದ್ದು ನಕ್ಕಿತು. ಕುರ್ಚಿ ಹಿಡಿದಿದ್ದ ಮೂರ್ತಿ ಕಣ್ಣೀರು ಬರುವಷ್ಟು ನಕ್ಕು, "ಒಪ್ಪಿದೆ ಸಾರ್! ಇಂಥ ಕಾಮೆಂಟರಿ ಶ್ಯಾಮರಾಯರೂ ಹೇಳಿಲ್ಲ" ಎಂದ.

ಕೊನೆಗೂ ನನ್ನ ವಾದ ಗೆದ್ದಿತ್ತು. ಅಷ್ಟರಲ್ಲಿ ನಾನೇ ಹಾಕಿದ ಇನ್ನೆರಡೇಟಿಗೆ ಶ್ಯಾಮರಾಯರ ಫೋಟೋದ ಮೊಳೆ ಪೂರ್ತಿ ಇಳಿದಿತ್ತು.