ಹದಿನಾಲ್ಕು ಚಪ್ಪಡಿಯ ಇಂಗ್ಲಿಷ್ ವಾಕ್ಯ

ಬಹಳ ಹಿಂದೆ, ಎಂದರೆ ಬೆಳಗಿನ ಕಾಫಿ ಹೀರುತ್ತ ಪತ್ರಿಕೆ ಓದುವ ತಮಗೆ ಯಾರ ಮೇಲೂ ಅನುಮಾನ ಬಾರದಷ್ಟು ಹಿಂದೆ, ಆಗಲಿಪುರವೆಂಬ ಒಂದು ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಮೃದುವಚನ ಭೂಪಾಲರು ಆಳುತ್ತಿದ್ದರು. ಯಾರು ಏನು ಬೇಡಿದರೂ ‘ಆಗಲಿ’ ಎನ್ನುವುದು ಅವರ ವಂಶದ ಗುಣ. ಆಗುವುದು ಬಿಡುವುದು ಬೇರೆ ಇಲಾಖೆಗೆ ಸೇರಿದ ವಿಷಯ.

ಆ ರಾಜ್ಯದಲ್ಲೊಂದು ಪದ್ಧತಿಯಿತ್ತು. ಅರಸರು ಕೊಟ್ಟ ಮಾತನ್ನು ಪದಕ್ಕೊಂದು ಚಪ್ಪಡಿಯಂತೆ ಕಲ್ಲಿನಲ್ಲಿ ಕೆತ್ತಿಸಿ, ಬೇಡಿದವರ ಊರಿನಲ್ಲಿ ಸಾಲಾಗಿ ನೆಡಿಸಬೇಕು. ಮಾತಿಗೆ ತೂಕವಿರಬೇಕು ಎಂದು ಯಾರೋ ಹಿರಿಯ ಅರಸರು ಹೇಳಿದ್ದರಂತೆ. ಹೀಗಾಗಿ ರಾಜ್ಯದ ಕಲ್ಲುಗಣಿಗಳೆಲ್ಲ ವಚನ ಇಲಾಖೆಯ ಸುಪರ್ದಿಯಲ್ಲಿದ್ದವು. ಕೆರೆಗೆ, ದಾರಿಗೆ, ಸೇತುವೆಗೆ ಕಲ್ಲು ಕೇಳಿದರೆ ‘ಸ್ಟಾಕ್ ಇಲ್ಲ’ ಎಂಬ ಉತ್ತರ ಮೊಹರು ಸಮೇತ ಬರುತ್ತಿತ್ತು.

ಈ ಪದ್ಧತಿಯ ಲಾಭನಷ್ಟವನ್ನು ಚೆನ್ನಾಗಿ ಬಲ್ಲವಳು ಕಪ್ಪೆಹಳ್ಳದ ಸೂಲಗಿತ್ತಿ ದ್ಯಾವಕ್ಕ. ಅವಳ ಮನೆ ಹಳ್ಳದ ಈ ದಡ, ನೇಕಾರರ ಕೇರಿ ಆ ದಡ. ನಡುವೆ ಹಿಂದಿನ ಅರಸರು ನಿಲ್ಲಿಸಿದ್ದ ಹದಿಮೂರು ಕಲ್ಲುಕಂಬಗಳಿದ್ದವು. ಮೇಲೆ ಹಾಸಬೇಕಾದ ಹದಿನಾಲ್ಕು ಚಪ್ಪಡಿ ಮಾತ್ರ ಬಂದಿರಲಿಲ್ಲ. ಬಂದದ್ದು ‘ಕಟ್ಟಿಸುತ್ತೇವೆ’ ಎಂದು ಕೆತ್ತಿದ ಒಂದೇ ಒಂದು ಚಪ್ಪಡಿ. ಊರವರು ಅದರ ಮೇಲೆ ಬಟ್ಟೆ ಒಗೆದೂ ಒಗೆದೂ ಅದೂ ಎರಡು ಹೋಳಾಗಿತ್ತು.

ಹೋದ ಮಳೆಗಾಲದಲ್ಲಿ ಹಳ್ಳ ತುಂಬಿದಾಗ ದ್ಯಾವಕ್ಕ ಅರ್ಧ ದಿನ ದಡದಲ್ಲೇ ನಿಂತಿದ್ದಳು. ಆ ಕಡೆ ನೇಕಾರರ ಗಿರಿಜೆಯ ಚೊಚ್ಚಲ ಕೂಸು ಉಳಿಯಲಿಲ್ಲ. ಈಗ ಗಿರಿಜೆಗೆ ಮತ್ತೆ ಏಳು ತುಂಬಿತ್ತು, ಮಳೆಗಾಲಕ್ಕೆ ಎರಡೇ ತಿಂಗಳಿತ್ತು. ದ್ಯಾವಕ್ಕ ಸೆರಗು ಬಿಗಿದು ರಾಜಧಾನಿಗೆ ಹೊರಟೇಬಿಟ್ಟಳು.

ಅವಳು ಆಸ್ಥಾನ ಹೊಕ್ಕಾಗ ಮಹಾರಾಜರು ಇಂಗ್ಲಿಷ್ ಕಲಿಯುತ್ತಿದ್ದರು. ಕಲಿಸುತ್ತಿದ್ದವರು ವರದಾಚಾರ್ ಮೇಷ್ಟ್ರು. ಕನ್ನಡದಲ್ಲಿ ‘ಮಾಡುತ್ತೇವೆ’ ಎಂದರೆ ಸಾಕು, ಪ್ರಜೆಗಳು ಮರುವರ್ಷ ಬಂದು ‘ಮಾಡಿದಿರಾ’ ಎಂದು ಕೇಳುವ ದುರಭ್ಯಾಸ ಬೆಳೆಸಿಕೊಂಡಿದ್ದರು. ಅದಕ್ಕೇ ಈ ಪಾಠ.

“ಮೇಷ್ಟ್ರೇ, ಈ ‘ಮೇ’ ಎಂಬುದರ ತಾತ್ಪರ್ಯವೇನು?”

“ಆಗಬಹುದು ಅಂತ, ಮಹಾಸ್ವಾಮಿ. ಆಗದೆಯೂ ಇರಬಹುದು. ಎರಡಕ್ಕೂ ಇದೊಂದೇ ಸಾಕು.”

ಮಹಾರಾಜರು ಸಿಂಹಾಸನದಿಂದ ಎದ್ದು ನಿಂತರು. “ಆಹಾ! ಇಂಥ ಪದ ಇಷ್ಟು ದಿನ ಎಲ್ಲಿ ಅಡಗಿತ್ತು?”

“ಪ್ರಭುಗಳ ನಾಲಗೆಯ ಮೇಲೆ ಕೂರಲು ತಪಸ್ಸು ಮಾಡುತ್ತಿತ್ತು,” ಎಂದರು ಮಹಾಮಾತ್ಯ ತಥಾಸ್ತುರಾಯರು. ಅವರು ಆ ಪದವಿಗೇರಿದ್ದು ಇಂಥ ಮಾತುಗಳಿಂದಲೇ.

ದ್ಯಾವಕ್ಕ ಕೈಮುಗಿದು ಸೇತುವೆ ಬೇಡಿದಳು. ಮಹಾರಾಜರಿಗೆ ಹೊಸ ಪದ ಪ್ರಯೋಗಿಸಲು ಕೈ ತುರಿಸುತ್ತಿತ್ತು. ಮೇಷ್ಟ್ರು ಬರೆದು ಓದಿದರು: ‘ಎ ಬ್ರಿಡ್ಜ್ ಮೇ ಬಿ ಬಿಲ್ಟ್.’ ಸೇತುವೆ ಕಟ್ಟಲ್ಪಡಬಹುದು ಎಂದು ಬಿಡಿಸಿಯೂ ಹೇಳಿದರು.

ದ್ಯಾವಕ್ಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಎಣಿಕೆ ಬರುತ್ತಿತ್ತು. ಬೆರಳು ಮಡಚಿದಳು. ಐದು.

“ಅಲ್ಲಾ ಬುದ್ದೀ, ದೊಡ್ಡೋರ ಮಾತು ಇಷ್ಟು ಮೋಟಾದ್ರೆ ಹೆಂಗೆ? ನಮ್ಮೂರ ತಳವಾರ ಟಾಂಟಾಂ ಹೊಡ್ದ್ರೂ ಇದ್ಕಿಂತ ಉದ್ದ ಕೂಗ್ತಾನೆ.”

ಮಹಾರಾಜರ ಮುಖ ಕೆಂಪಾಯಿತು. “ಉದ್ದವಾಗಲಿ!”

“‘ಮೇ’ ಪಕ್ಕದಲ್ಲಿ ‘ವೆರಿ ಪಾಸಿಬ್ಲಿ’ ಸೇರಿಸಬಹುದು,” ಎಂದರು ಮೇಷ್ಟ್ರು. “ಭರವಸೆ ಹೆಚ್ಚಿದಂತೆ ಕಾಣುತ್ತೆ, ಹೆಚ್ಚೋದಿಲ್ಲ.”

ಏಳು. “ಎಲ್ಲಿ ಅಂತ ಬರಿಬ್ಯಾಡ್ವಾ ಮೇಷ್ಟ್ರೇ? ಸೇತ್ವೆನ ಯಾರಾರ ಮರದ ಮ್ಯಾಲೆ ಕಟ್ಟಾರು.”

‘ಅಕ್ರಾಸ್ ದ ಸ್ಟ್ರೀಮ್’, ಹಳ್ಳಕ್ಕೆ ಅಡ್ಡಲಾಗಿ ಎಂಬುದು ಸೇರಿತು. ಹತ್ತು. “ಯಾರ್ಗೇ ಅಂತ?” ಎಂದಳು. ಜನರಿಗಾಗಿ, ‘ಫಾರ್ ದ ಪೀಪಲ್’ ಸೇರಿತು. ಹದಿಮೂರು. ಅಷ್ಟರಲ್ಲಿ ಮೇಷ್ಟ್ರ ಕಣ್ಣು ದ್ಯಾವಕ್ಕನ ಬೆರಳುಗಳ ಮೇಲೆ ಬಿತ್ತು. ಅವರೂ ಆ ಹಳ್ಳ ದಾಟಿ, ಅಲ್ಲಿನ ಬೋಳು ಕಂಬಗಳನ್ನು ಕಂಡು ಬಂದವರೇ. ತುಟಿಯ ಕೊನೆಯಲ್ಲಿ ನಕ್ಕರು.

ಊಟದ ಗಂಟೆ ಹೊಡೆಯಿತು. ಮಹಾರಾಜರು ಎದ್ದರು. ದ್ಯಾವಕ್ಕನ ಲೆಕ್ಕಕ್ಕೆ ಇನ್ನೂ ಒಂದು ಪದ ಕಮ್ಮಿಯಿತ್ತು. “ಯಾವಾಗ ಅನ್ನೋದೊಂದು ಬಿಟ್ಟೋಯ್ತಲ್ಲ ಬುದ್ದೀ!” ಎಂದುಬಿಟ್ಟಳು.

ಆಗಲಿಪುರದ ಆಸ್ಥಾನದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ತಥಾಸ್ತುರಾಯರು ಕಿವಿ ಮುಚ್ಚಿಕೊಂಡರು.

“ಅದಕ್ಕೂ ಒಂದು ಪದವಿದೆ, ಮಹಾಸ್ವಾಮಿ,” ಎಂದರು ಮೇಷ್ಟ್ರು ಅವಸರದಿಂದ. “‘ಈವೆಂಚುಯಲಿ.’ ಕೊನೆಗೊಂದು ದಿನ ಅಂತ. ಯಾವ ದಿನ ಅಂತ ಆ ಪದಕ್ಕೇ ಗೊತ್ತಿಲ್ಲ.”

ಮಹಾರಾಜರು ಆನಂದಬಾಷ್ಪ ಸುರಿಸಿ ಮೊಹರು ಒತ್ತಿದರು.

ಒಂದೂವರೆ ತಿಂಗಳಲ್ಲಿ ಕಪ್ಪೆಹಳ್ಳದ ದಡದಲ್ಲಿ ಹದಿನಾಲ್ಕು ಚಪ್ಪಡಿ ಎದ್ದು ನಿಂತವು. ‘ಎ’ ಎಂಬ ಒಂಟಿ ಅಕ್ಷರಕ್ಕೂ ಒಂದು ಪೂರ್ತಿ ಚಪ್ಪಡಿ. ಮಹಾರಾಜರು ಬಂದು ಟೇಪು ಕತ್ತರಿಸಿ, ವಾಕ್ಯವನ್ನು ಲೋಕಾರ್ಪಣೆ ಮಾಡಿ, ಕೋಸಂಬರಿ ತಿಂದು ಹೋದರು. ಪಹರೆಗೆ ಸಿಂಗ್ರಯ್ಯನನ್ನು ಬಿಟ್ಟರು. ದಿನಾ ಸಂಜೆ ಪದಗಳನ್ನು ಎಣಿಸಿ, ಹದಿನಾಲ್ಕು ಇವೆ ಎಂದು ವರದಿ ಕಳಿಸುವುದು ಅವನ ನೌಕರಿ.

ಮಾರನೆಯ ಬೆಳಿಗ್ಗೆಯೇ ದ್ಯಾವಕ್ಕ ಎರಡು ದಡದ ಜನರನ್ನೂ ಹಾರೆ ಹಗ್ಗಗಳ ಸಮೇತ ಕರೆತಂದಳು. ಸಿಂಗ್ರಯ್ಯ ಬೊಬ್ಬೆ ಹೊಡೆದ. “ನಿನ್ ಪದ ಎಲ್ಲೂ ಹೋಗಾಕಿಲ್ಲ ಕಣಪ್ಪಾ,” ಎಂದಳು ದ್ಯಾವಕ್ಕ. “ನಿಂತಿದ್ವು, ಮಲೀಕತವೆ. ಸಂಜೆ ಎಣಿಸ್ಕೋ, ಒಂದು ಕಮ್ಮಿಯಾದ್ರೆ ನನ್ನ ಕೇಳು.” ಸಿಂಗ್ರಯ್ಯ ಸಂಜೆ ಕಂಬಗಳ ಮೇಲೆ ಮಲಗಿದ್ದ ಪದಗಳನ್ನು ಎಣಿಸಿದ. ಹದಿನಾಲ್ಕೇ ಇದ್ದವು. ಅವನ ಮಟ್ಟಿಗೆ ಲೋಕ ಸರಿಯಾಗಿತ್ತು.

ಎರಡು ವಾರಕ್ಕೆ ಮಳೆ ಹಿಡಿಯಿತು, ಗಿರಿಜೆಗೆ ನೋವೂ ಹಿಡಿಯಿತು. ದ್ಯಾವಕ್ಕ ಒಂದು ತಂಬಿಗೆ ನೀರು ಕಾಯುವಷ್ಟರಲ್ಲಿ ಹಳ್ಳ ದಾಟಿದಳು. ಹೆಣ್ಣು ಕೂಸು ಕೇರಿಯೆಲ್ಲ ಕೇಳುವಂತೆ ಅತ್ತಿತು. ಅದನ್ನು ಎತ್ತಿಕೊಂಡ ದ್ಯಾವಕ್ಕ ಅದಕ್ಕಿಂತ ಜೋರಾಗಿ ಅತ್ತಳು. ಅವಳ ಬದುಕಿನಲ್ಲಿ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಸುದ್ದಿ ಅರಮನೆಗೆ ಮುಟ್ಟಿತು. ಮಹಾರಾಜರು ಪರಿವಾರ ಸಮೇತ ಬಂದು ನೋಡಿದರು. ನಿಜವಾಗಿಯೂ ಸೇತುವೆ! ಕಟ್ಟಿಸಿದವರು ಯಾರೆಂದು ಕಡತದಲ್ಲಿ ಹುಡುಕಿಸಿದರೆ ಯಾರ ಹೆಸರೂ ಇಲ್ಲ. ಅಲ್ಲಿಗೆ ಉಳಿದದ್ದು ಒಂದೇ ತೀರ್ಮಾನ.

“ನಾವು ‘ಮೇ’ ಎಂದೆವು, ಆಯಿತು!” ಎಂದರು ಮಹಾರಾಜರು. “ವಾಕ್ಯವೇ ಸೇತುವೆಯಾಯಿತು!”

“ಮಹಾಸ್ವಾಮಿ, ಅದು ಊರ ಜನ...” ಎಂದು ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ತಥಾಸ್ತುರಾಯರು ಅವರ ಹೆಗಲಿಗೆ ಜರಿ ಶಾಲು ಹೊದಿಸಿ ‘ವಾಕ್ಯವಿಶ್ವಕರ್ಮ’ ಎಂಬ ಬಿರುದು ಕೊಟ್ಟರು. ಶಾಲು ಬೆಚ್ಚಗಿತ್ತು. ಮೇಷ್ಟ್ರು ಬಾಯಿ ಮುಚ್ಚಿದರು.

ಅಂದೇ ಲೋಕೋಪಯೋಗಿ ಇಲಾಖೆಯನ್ನು ಮುಚ್ಚಿ ವ್ಯಾಕರಣ ಇಲಾಖೆ ತೆರೆಯಲಾಯಿತು. ಮಹಾರಾಜರು ‘ಸಂಭಾವನಾ ಚಕ್ರವರ್ತಿ’ ಎಂದು ಕೆತ್ತಿಸಿದ ಹೊಸ ಕಿರೀಟ ಧರಿಸಿದರು. ಇಷ್ಟು ಮಹಿಮೆಯುಳ್ಳ ಪದಗಳನ್ನು ಜನ ಸುಮ್ಮನೆ ತುಳಿಯುವುದು ಅಪಚಾರವಲ್ಲವೇ? ಆದ್ದರಿಂದ ದಾಟುವವರು ಪ್ರತಿ ಚಪ್ಪಡಿಯ ಮೇಲೂ ನಿಂತು, ಅದರ ಪದವನ್ನು ಸ್ಪಷ್ಟವಾಗಿ ಉಚ್ಚರಿಸಿ ಮುಂದೆ ಹೆಜ್ಜೆ ಇಡಬೇಕು. ತಪ್ಪಿದವರು ಸೇರು ರಾಗಿ ಕೋಚಿಂಗ್ ಶುಲ್ಕ ತೆತ್ತು, ಮೊದಲ ಚಪ್ಪಡಿಯಿಂದ ಮತ್ತೆ ಆರಂಭಿಸಬೇಕು ಎಂದು ಅಪ್ಪಣೆಯಾಯಿತು. ಮೇಷ್ಟ್ರು ಅದನ್ನೂ ಇಂಗ್ಲಿಷಿಗೆ ಇಳಿಸಿದರು. ಅದರಲ್ಲಿ ‘ಮೇ’ ಇರಲಿಲ್ಲ. ಆಗಲೇಬೇಕು ಎನ್ನುವ ‘ಮಸ್ಟ್’ ಇತ್ತು, ಈ ಕ್ಷಣವೇ ಎನ್ನುವ ‘ಇಮ್ಮೀಡಿಯೆಟ್ಲಿ’ ಇತ್ತು.

ಮುಂದಿನ ಮಳೆಗೆ ಆ ದಡದಿಂದ ಕೂಗು ಬಂತು, “ದ್ಯಾವಕ್ಕಾ, ಬೇಗ ಬಾರವ್ವೋ!” ಸೇತುವೆಯ ಮೇಲೆ ಸಾಲು ನಿಂತಿತ್ತು. ಐದನೆಯ ಚಪ್ಪಡಿಯ ಮೇಲೆ ಒಬ್ಬ ಮುದುಕ ‘ಪಾಸಿಬ್ಲಿ’ಯೊಂದಿಗೆ ಗುದ್ದಾಡುತ್ತಿದ್ದ. ದ್ಯಾವಕ್ಕ ನುಗ್ಗಿದಳು. ಸಿಂಗ್ರಯ್ಯ ಕೋಲು ಅಡ್ಡ ಹಿಡಿದ.

“ಪದ ಹೇಳ್ಬುಟ್ಟು ಹೋಗಕ್ಕೋ. ರೂಲ್ಸು.”

“ಹೆರೋಳು ನಿನ್ ರೂಲ್ಸು ಕಾಯ್ತಾಳೇನ್ಲಾ?”

ಅವಳು ಸೀರೆ ಎತ್ತಿ ಕಟ್ಟಿ ಸೇತುವೆಯ ಪಕ್ಕದಲ್ಲೇ ನೀರಿಗಿಳಿದಳು. ಎದೆಮಟ್ಟ ನೀರು. ಕಂಬದಿಂದ ಕಂಬಕ್ಕೆ ತೆಕ್ಕೆ ಬಿದ್ದು, ಎರಡು ಸಲ ಮುಳುಗಿ, ಸಿಂಗ್ರಯ್ಯನ ಏಳು ತಲೆಮಾರನ್ನು ಬೈಯುತ್ತ ದಡ ಸೇರಿದಳು. ಆ ದಿನ ಗಂಡು ಕೂಸು ಹುಟ್ಟಿತು. ತಾಯಿಯೂ ಕೂಸೂ ಕ್ಷೇಮವಾಗಿದ್ದರು. ಬಾಣಂತಿಯ ಅತ್ತೆ ಖುಷಿಯಿಂದ ದ್ಯಾವಕ್ಕನ ಮಡಿಲಿಗೆ ಎರಡು ಸೇರು ರಾಗಿ ಸುರಿದಳು.

ವಾಪಸು ಬರುವಾಗ ಸಿಂಗ್ರಯ್ಯ ಹೊಸ ಸುತ್ತೋಲೆ ಹಿಡಿದು ನಿಂತಿದ್ದ. ಸೇತುವೆಯ ಮಗ್ಗುಲಲ್ಲಿ ನೀರಿಗಿಳಿದು ದಾಟುವವರು ಸೇತುವೆಯ ನೆರಳನ್ನು ಬಳಸಿದಂತಾಗುವುದರಿಂದ ಅರ್ಧ ಸೇರು ತೆರಬೇಕೆಂದು ಅದರಲ್ಲಿತ್ತು. ದ್ಯಾವಕ್ಕ ಒದ್ದೆ ಸೆರಗು ಹಿಂಡಿಕೊಂಡು, ಮಡಿಲಿನಿಂದ ಅರ್ಧ ಸೇರು ಅಳೆದು ಕೊಟ್ಟಳು. ಸಿಂಗ್ರಯ್ಯ ರಸೀದಿ ಹರಿದುಕೊಟ್ಟ.